ಅಂಗಡಿ ಕಂಪ್ಯೂಟರಿಗೆ ಅದನ್ನು ಹಾಕಬೇಡ, ಶರಣು

(ನಮ್ಮ ಮನೆತನದ ಗುಂಪು, ರಾತ್ರಿ ಊಟದ ಹೊತ್ತು)

ಕಾರಟಗಿ ಕಾಕಾ: [ಫಾರ್ವರ್ಡ್] ತುಂಬಾ ಮುಖ್ಯ! ವಿಂಡೋಸ್ ತೆಗೆದುಹಾಕಿ, ಟೇಲ್ಸ್ ಎಂಬ ಸಿಸ್ಟಂ ಕಂಪ್ಯೂಟರಿನ ಒಳಗಿನ ಡಿಸ್ಕಿಗೇ ಹಾಕಿಕೊಳ್ಳಿ. ನಿಮ್ಮ ಡೇಟಾ ಯಾರಿಗೂ ಸಿಗುವುದಿಲ್ಲ. ಡಿಜಿಟಲ್ ಅರೆಸ್ಟ್ ಕರೆ ಬರುವುದಿಲ್ಲ. 10 ಜನರಿಗೆ ಕಳಿಸಿ.

ಕಾರಟಗಿ ಕಾಕಾ: ಎಲ್ಲರೂ ನೋಡಿರಿ. ಪಕ್ಕದ ಅಂಗಡಿಯವರಿಗೆ ಪೊಲೀಸ್ ಡ್ರೆಸ್ ಹಾಕಿಕೊಂಡು ಯಾರೋ ವಿಡಿಯೋ ಕಾಲ್ ಮಾಡಿ, ನೀವು ಅರೆಸ್ಟ್ ಆಗಿದ್ದೀರಿ ಅಂತ ಹೆದರಿಸಿ ದುಡ್ಡು ಕೇಳಿದ್ದರು. ನಮ್ಮ ಶರಣು ಇವತ್ತೇ ಅಂಗಡಿ ಕಂಪ್ಯೂಟರಿಗೆ ಇದನ್ನು ಹಾಕುತ್ತಾನೆ.

ಸಿಂಧನೂರು ಅತ್ತಿ: 🙏🙏 ಒಳ್ಳೆಯ ಮಾಹಿತಿ. ನಮ್ಮ ಸಂಘದ ಗುಂಪಿಗೂ ಹಾಕಿದೆ.

ನಾನು: ಕಾಕಾ, ಶರಣುಗೆ ಸ್ವಲ್ಪ ತಡೆಯೋಕೆ ಹೇಳಿ. ಇದನ್ನು ಬರೆದವರು ಯಾರು? ಟೇಲ್ಸ್ ಮಾಡಿದವರೇ ಅದನ್ನು ಒಳಗಿನ ಡಿಸ್ಕಿಗೆ ಹಾಕಬೇಡಿ ಅನ್ನುತ್ತಾರೆ. ಅದು ಪೆನ್ ಡ್ರೈವಿನಿಂದ ಓಡುವ ಸಿಸ್ಟಂ, 8 ಜಿಬಿ ಇದ್ದರೆ ಸಾಕು.

ಕಾರಟಗಿ ಕಾಕಾ: ನೀನು ಯಾವಾಗ ಹೂಂ ಅಂದಿದ್ದೀಯ ತಂಗಿ? ಸೋಲಾರ್ ಪಂಪಿನ ವಿಷಯ ಹಾಕಿದಾಗಲೂ ಹೀಗೇ ಅಡ್ಡ ಬಂದಿದ್ದೆ.

ದೊಡ್ಡಪ್ಪ: ಹಿರಿಯರು ಒಳ್ಳೇದಕ್ಕೇ ಹೇಳುತ್ತಾರೆ. ಮೊದಲು ಕೇಳುವುದನ್ನು ಕಲಿಯಿರಿ. ಅಷ್ಟಕ್ಕೂ ಮುಚ್ಚಿಡುವಂಥದ್ದು ಏನೂ ಇಲ್ಲದ ಮನುಷ್ಯನಿಗೆ ಈ ಗುಟ್ಟಿನ ಕಂಪ್ಯೂಟರ್ ಯಾಕೆ?

ನಾನು: ದೊಡ್ಡಪ್ಪ, ಗೊಬ್ಬರದ ಉದ್ರಿ ಲೆಕ್ಕ ಇದೆ. ಯಾವ ರೈತ ಎಷ್ಟು ಬಾಕಿ ಅಂತ ಊರಿಗೆಲ್ಲ ಗೊತ್ತಾದರೆ ನಡೆಯುತ್ತಾ? ಗುಟ್ಟು ಬೇಕು ಅನ್ನೋದರಲ್ಲಿ ತಪ್ಪೇನಿಲ್ಲ. ಈ ದಾರಿ ತಪ್ಪು, ಅಷ್ಟೇ.

ಬಳ್ಳಾರಿ ಅಣ್ಣ: ಅಂಗಡಿ ಕಂಪ್ಯೂಟರ್ ಅಂದರೆ ನೆನಪಾಯ್ತು ನೋಡಿ, ಕಾಕಾ ಮೊದಲನೇ ಕಂಪ್ಯೂಟರ್ ತಂದಾಗ ನಾವೆಲ್ಲ ಬೇಸಿಗೆ ರಜೆಗೆ ಅಲ್ಲೇ ಇದ್ದೆವು, ಮಾನಿಟರಿಗೆ ಕುಂಕುಮ ಹಚ್ಚಿ ಕಾಯಿ ಒಡೆದು, ಆನ್ ಮಾಡೋಷ್ಟರಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಗೋಕೆ ಶುರುವಾಯ್ತು. ಆಮೇಲೆ ಎಲ್ಲರಿಗೂ ಒಗ್ಗರಣಿ ಮಿರ್ಚಿ 😋

ಸಿಂಧನೂರು ಅತ್ತಿ: ನಮ್ಮ ಹುಡುಗಿಯ ಮದುವೆ ಫೋಟೋ ಹೋಗಿದ್ದೂ ಅದರಲ್ಲೇ ಅಲ್ವಾ? ಫಾರ್ಮ್ಯಾಟ್ ಮಾಡಿದ್ದು ಯಾರು ಅಂತ ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.

ಬಳ್ಳಾರಿ ಅಣ್ಣ: ಅತ್ತಿ, ನಾನಂತೂ ಅಲ್ಲ. ಗೇಮ್ ಹಾಕಿದ್ದು ಮಾತ್ರ ನಾನು.

ಕಾರಟಗಿ ಕಾಕಾ: ಹಳೇದು ಕೆದಕಬೇಡಿ. ಆ ಫೋಟೋದ ದುಡ್ಡು ನಾನೇ ಕೊಟ್ಟಿದ್ದು.

ನಾನು: ಜಗಳ ಆಮೇಲೆ ಮಾಡೋಣ. ಶರಣು, ಎಲ್ಲಿಗೆ ಬಂದಿದ್ದೀಯ?

ಶರಣು: ಅಕ್ಕ, ಪೆನ್ ಡ್ರೈವಿನಿಂದ ಟೇಲ್ಸ್ ಆನ್ ಆಗಿದೆ. ಟೇಲ್ಸನ್ನು ಬೇರೆ ಡ್ರೈವಿಗೆ ನಕಲು ಮಾಡೋ ಟೇಲ್ಸ್ ಕ್ಲೋನರ್ ತೆರೆದರೆ ಒಳಗಿನ ಡಿಸ್ಕ್ ಪಟ್ಟಿಯಲ್ಲೇ ಬರ್ತಿಲ್ಲ. ಹಾಕೋ ವಿಧಾನ ಇರೋ ಪುಟದ ಕೆಳಗೆ ಇನ್ನೊಂದು ದಾರಿ ಬರೆದಿದ್ದಾರೆ. ಡಿಸ್ಕ್ಸ್ ಅನ್ನೋ ಆಪ್ ತೆಗೆದು, 500 ಜಿಬಿ ಡಿಸ್ಕ್ ಆರಿಸಿ, ರಿಸ್ಟೋರ್ ಡಿಸ್ಕ್ ಇಮೇಜ್ ಒತ್ತಬೇಕಂತೆ.

ನಾನು: ಒತ್ತಬೇಡ! ಒತ್ತಿದರೆ ವಿಂಡೋಸ್, ಲೆಕ್ಕ ಇಡೋ ಟ್ಯಾಲಿ, ಬಿಲ್ಲು, ಉದ್ರಿ ಪಟ್ಟಿ ಎಲ್ಲ ಹೋಗುತ್ತೆ. ಕ್ಲೋನರ್ ಆ ಡಿಸ್ಕ್ ತೋರಿಸದೇ ಇರೋದು ಅದಕ್ಕೇ. ಈಗ ನಿನ್ನ ಮುಂದೆ ಓಡ್ತಿರೋ ಟೇಲ್ಸ್ ಪೆನ್ ಡ್ರೈವ್ ಮತ್ತು ರ್‍ಯಾಮ್ ಇಟ್ಟುಕೊಂಡೇ ಕೆಲಸ ಮಾಡುತ್ತೆ, ಒಳಗಿನ ಡಿಸ್ಕಿನ ತಂಟೆಗೇ ಹೋಗಲ್ಲ, ಆಫ್ ಮಾಡಿದರೆ ನೀನು ಏನು ಮಾಡಿದೆ ಅನ್ನೋದರ ಗುರುತು ಆ ಕಂಪ್ಯೂಟರಲ್ಲಿ ಉಳಿಯಲ್ಲ. ಅದರ ಮುಖ್ಯ ಗುಣವೇ ಅದು. ಒಳಗೆ ಕೂರಿಸಿದರೆ ಈ ಕಂಪ್ಯೂಟರಲ್ಲಿ ಟೇಲ್ಸ್ ಇದೆ ಅಂತ ತೆರೆದವರಿಗೆಲ್ಲ ಕಾಣುತ್ತೆ. ಫೈಲ್ ಉಳಿಸಬೇಕಾದರೆ ಪೆನ್ ಡ್ರೈವಲ್ಲೇ ಪಾಸ್‌ವರ್ಡ್ ಇರೋ ಜಾಗ ಮಾಡಿಕೊಳ್ಳಬಹುದು.

ದೊಡ್ಡಪ್ಪ: ಇಷ್ಟೆಲ್ಲ ನಿನಗೆ ಹೇಳಿದವರು ಯಾರು?

ನಾನು: ಟೇಲ್ಸ್‌ನವರೇ ಬರೆದಿದ್ದಾರೆ ದೊಡ್ಡಪ್ಪ, ಲಿಂಕ್ ಕಳಿಸ್ತೀನಿ. 2013ರಲ್ಲಿ ಅಮೆರಿಕದ ಗೂಢಚಾರಿಕೆಯ ಕಾಗದಪತ್ರ ಹೊರಹಾಕಿದ ಎಡ್ವರ್ಡ್ ಸ್ನೋಡೆನ್ ಬಳಸಿದ್ದು ಇದನ್ನೇ. 2024ರಲ್ಲಿ ಇದು, ಗುರುತು ಬಿಡದೆ ಇಂಟರ್ನೆಟ್ ಬಳಸೋ ಟಾರ್ ಜಾಲ ನಡೆಸೋ ಟಾರ್ ಸಂಸ್ಥೆಯ ಜೊತೆ ಸೇರಿತು. ಸಿಸ್ಟಂ ಒಳ್ಳೇದೇ. ಅಂಗಡಿ ಲೆಕ್ಕಕ್ಕೆ ಮಾಡಿದ್ದಲ್ಲ.

ಕಾರಟಗಿ ಕಾಕಾ: ಮತ್ತೆ ಆ ಪೊಲೀಸ್ ಕರೆ ಬಂದರೆ?

ನಾನು: ಕಾಕಾ, ಆ ಕರೆ ಬರೋದು ನಿಮ್ಮ ಫೋನ್ ನಂಬರಿಗೆ. ಕಂಪ್ಯೂಟರಲ್ಲಿ ಏನೇ ಇದ್ದರೂ ಬರುತ್ತೆ. ಡಿಜಿಟಲ್ ಅರೆಸ್ಟ್ ಅಂತ ಕಾನೂನಲ್ಲಿ ಇಲ್ಲವೇ ಇಲ್ಲ. ಬಂದರೆ ಫೋನ್ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇದೊಂದು ನಂಬರ್ ಗಲ್ಲಾಪೆಟ್ಟಿಗೆ ಮೇಲೆ ಬರೆದು ಅಂಟಿಸಿ, ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಸರಿ.

ಶರಣು: ನಿಲ್ಲಿಸಿದೆ ಅಕ್ಕ. ಪೆನ್ ಡ್ರೈವ್ ತೆಗೆದೆ, ವಿಂಡೋಸ್ ಬಂತು, ಟ್ಯಾಲಿ ತೆರೀತಿದೆ.

ನಾನು: ಸದ್ಯ! ಈಗಲೇ ಟ್ಯಾಲಿ ಬ್ಯಾಕಪ್ ತಗೊಂಡು ಬೇರೆ ಡಿಸ್ಕಲ್ಲಿ ಇಡು.

ಕಾರಟಗಿ ಕಾಕಾ: ಸರಿ. ಆದರೆ ಎಲ್ಲರ ಮುಂದೆ ಕೇಳಬಾರದಿತ್ತು. ನನಗೊಬ್ಬನಿಗೆ ಫೋನ್ ಮಾಡಬೇಕಿತ್ತು.

ನಾನು: ಮಾಡಿದೆ ಕಾಕಾ, ಬಿಝಿ ಬರ್ತಿತ್ತು. ಅತ್ತಿ, ಸಂಘದ ಗುಂಪಲ್ಲಿ ಹಾಕಿದ್ದನ್ನು ಡಿಲೀಟ್ ಮಾಡಿ.

ಸಿಂಧನೂರು ಅತ್ತಿ: ಆಗಲೇ ನಾಲ್ಕೈದು ಮಂದಿ ಮುಂದಕ್ಕೆ ಕಳಿಸಿದ್ದಾರಲ್ಲ.

ನಾನು: ಹಾಗಾದರೆ ಅದರ ಕೆಳಗೇ ಬರೆಯಬೇಕು. ಒಳಗಿನ ಡಿಸ್ಕಿಗೆ ಹಾಕಿದರೆ ಇರೋದೆಲ್ಲ ಅಳಿಸಿಹೋಗುತ್ತೆ ಅಂತ ನಾನು ಟೈಪ್ ಮಾಡಿ ಕಳಿಸ್ತೀನಿ, ನೀವು ನಿಮ್ಮ ಹೆಸರಲ್ಲೇ ಹಾಕಿ. ಅವರು ನಿಮ್ಮ ಮಾತು ಕೇಳುತ್ತಾರೆ.