ವಕೀಲರನ್ನು ಕೇಳಿ: ಸಭೆಯ ನಡಾವಳಿ ಪುಸ್ತಕ, ಕೋರ್ಟಿನ ಸಮನ್ಸು

ಬದಿಯಡ್ಕ: ವಕೀಲರೇ, ನಮಸ್ಕಾರ. ನನ್ನ ತಮ್ಮ ತಿರುವನಂತಪುರದಲ್ಲಿ ವಿಧಾನಸಭೆ ಕಚೇರಿಯ ಗುಮಾಸ್ತ. ಕಾಸರಗೋಡು ಕೋರ್ಟಿನಿಂದ ಸಮನ್ಸು ಬಂದಿದೆ. ಒಂದು ಸಮಿತಿಯಲ್ಲಿ ಯಾರು ಏನು ಹೇಳಿದರು ಅಂತ ಸಾಕ್ಷಿ ಹೇಳಬೇಕು, ನಡಾವಳಿ ಪುಸ್ತಕವನ್ನೂ ತರಬೇಕಂತೆ. ಹೋಗದಿದ್ದರೆ ವಾರಂಟ್, ಹೋದರೆ ಕೆಲಸಕ್ಕೆ ಸಂಚಕಾರ ಅಂತ ಅವನಿಗೆ ನಿದ್ದೆ ಇಲ್ಲ.

ವಕೀಲರು: ಅಕ್ಕಾ, ಮೊದಲನೆಯದು, ಆ ಪುಸ್ತಕ ಬ್ಯಾಗಿಗೆ ಹಾಕಿಕೊಂಡು ಮಾವೇಲಿ ಎಕ್ಸ್‌ಪ್ರೆಸ್ ಹತ್ತುವುದು ಬೇಡ. ಪುಸ್ತಕ ಅವನದಲ್ಲ, ಸಭೆಯದು. ಸದನದಲ್ಲಿ, ಸಮಿತಿಯಲ್ಲಿ ನಡೆದದ್ದನ್ನು ನೌಕರ ಕೋರ್ಟಿನಲ್ಲಿ ಹೇಳಬೇಕಾದರೆ ಸದನದ ಅನುಮತಿ ಬೇಕು. ಸದನದ ವಿಶೇಷ ಹಕ್ಕುಗಳನ್ನು ನೋಡಿಕೊಳ್ಳುವ ಲೋಕಸಭೆಯ ಹಕ್ಕುಬಾಧ್ಯತಾ ಸಮಿತಿ 1957ರಲ್ಲೇ ಹಾಗೆ ಹೇಳಿತ್ತು. ರಾಜ್ಯಗಳ ಸದನಗಳ ವಿಶೇಷ ಹಕ್ಕಿಗೆ ಸಂವಿಧಾನದ 194ನೇ ವಿಧಿ ಇದೆ. ಅಧಿವೇಶನ ಇಲ್ಲದಾಗ ಸ್ಪೀಕರ್ ಅನುಮತಿ ಕೊಟ್ಟು, ಆಮೇಲೆ ಸದನಕ್ಕೆ ತಿಳಿಸುವುದು ಲೋಕಸಭೆಯ ರೂಢಿ. ಇವತ್ತೇ ಸಮನ್ಸಿನ ಪ್ರತಿ ಇಟ್ಟು ಕಾರ್ಯದರ್ಶಿಗೆ ಬರೆಯಲಿ. ತನ್ನ ಪತ್ರದ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಲಿ. ಕೋರ್ಟಿಗೂ 'ಅನುಮತಿ ಕೇಳಿದ್ದೇನೆ, ಸಮಯ ಕೊಡಿ' ಅಂತ ತಿಳಿಸಲಿ. ಸುಮ್ನೆ ಕೂತರೆ ಮಾತ್ರ ವಾರಂಟಿನ ಭಯ. ರಸ್ತೆಯಲ್ಲಿ ಕಂಡ ಅಪಘಾತಕ್ಕಾದರೆ ಇದ್ಯಾವುದೂ ಬೇಡ. ಅಂದಹಾಗೆ, ಸಮನ್ಸಿನಲ್ಲಿ ಹೆಸರಿದೆಯಾ, ಬರೀ ಹುದ್ದೆಯಾ?

ಕುಂಬಳೆ: ಫಾರ್ವರ್ಡ್ ಬಂದಿದೆ ನೋಡಿ: 'ವಿಧಾನಸಭೆ ನೌಕರರಿಗೆ 135ಎ ರಕ್ಷಣೆ, ಸಮನ್ಸು ವಾಪಸ್ ಕಳಿಸಿ.'

ವಕೀಲರು: 135ಎ ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಒಂದು ಕಲಂ. ಅದು ಇರುವುದು ಸದನದ ಸದಸ್ಯರಿಗೆ, ಅದೂ ಸಿವಿಲ್ ಕೇಸಿನ ಬಂಧನದಿಂದ ರಕ್ಷಣೆಗೆ. ಇಂಥದ್ದನ್ನು ನಂಬಿ ವಾರಂಟ್ ಬರಿಸಿಕೊಂಡವರು ರಾತ್ರಿ ಹತ್ತಕ್ಕೆ ನನಗೇ ಫೋನ್ ಮಾಡುತ್ತಾರೆ. ದಯವಿಟ್ಟು ಅಳಿಸಿ.

ಮುಳ್ಳೇರಿಯ: ನಾನು ಪಂಚಾಯತ್ ಗುಮಾಸ್ತ. ನನಗೂ ಸ್ಪೀಕರ್ ಅನುಮತಿ ಬೇಕಾ?

ವಕೀಲರು: ಬೇಡ.

ಮಂಜೇಶ್ವರ: ಕೇರಳ ವಿಧಾನಸಭೆಯ 2015ರ ಬಜೆಟ್ ದಿನದ ಗಲಾಟೆ ಕೇಸಿನಲ್ಲಿ ವಿಶೇಷ ಹಕ್ಕು ನಡೆಯಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಮತ್ತೆ ಅನುಮತಿ ಯಾಕೆ?

ವಕೀಲರು: ಅದು ಸದನದಲ್ಲಿ ವಸ್ತು ಹಾಳು ಮಾಡಿದ ಆರೋಪ ಹೊತ್ತ ಶಾಸಕರ ಮಾತು. ಇದು ಗುಮಾಸ್ತನ ಸಾಕ್ಷಿ. ಎರಡನ್ನೂ ಕಲಸಬೇಡಿ.

ಕುಂಬಳೆ: ಅದೆಲ್ಲ ಇರಲಿ, ಸಮನ್ಸು ಮಲಯಾಳದಲ್ಲಿ ಬಂದರೆ ನಾವು ಓದುವುದು ಹೇಗೆ?

ನೀರ್ಚಾಲು: ಅವರ ತಮ್ಮ ತಿರುವನಂತಪುರದಲ್ಲೇ ಇದ್ದಾನೆ. ಓದಲು ಬರಲ್ವಾ?

ಕುಂಬಳೆ: ನಾನು ಹೇಳಿದ್ದು ನಮ್ಮ ಊರಿನವರಿಗೆ.

ನೀರ್ಚಾಲು: ಎಲ್ಲದಕ್ಕೂ ಭಾಷೆ ತರಬೇಡಿ ಮಾರಾಯ್ರೇ.

ಕುಂಬಳೆ: ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುವವರಿಗೆ ಇದು ಅರ್ಥವಾಗಲ್ಲ ಬಿಡಿ.

ಪೆರ್ಲ: ನಮ್ಮ ಅಪ್ಪನೂ ಒಂದು ಕೇಸಿಗೆ ಸಾಕ್ಷಿ. ಬಸ್ ಖರ್ಚು ಯಾರು ಕೊಡ್ತಾರೆ?

ನೀರ್ಚಾಲು: ನನ್ನ ಮಕ್ಕಳ ಸುದ್ದಿ ನಿಮಗ್ಯಾಕೆ?

ಮುಳ್ಳೇರಿಯ: ಸರ್, ಪಂಚಾಯತಿನವರಿಗೆ ಅನುಮತಿ...

ವಕೀಲರು: ಬೇಡ ಅಂದೆನಲ್ಲ!

ಬದಿಯಡ್ಕ: ವಕೀಲರೇ, ತಮ್ಮ ಅರ್ಜಿ ಕೊಟ್ಟ. ಸಮನ್ಸಿನಲ್ಲಿ ಹುದ್ದೆ ಮಾತ್ರ ಇದೆ, ಹೆಸರಿಲ್ಲ.

ವಕೀಲರು: ಅಯ್ಯೋ, ಹಾಗಾದರೆ ಅನುಮತಿ ಸಿಕ್ಕರೂ ಯಾರನ್ನು ಕಳಿಸುವುದು ಅಂತ ಕಚೇರಿಯನ್ನೇ ಕೇಳಲಿ. ಇವನೇ ಹೋಗಬೇಕೆಂದಿಲ್ಲ. ಮಲಗಲು ಹೇಳಿ ಅವನಿಗೆ.