ಪದಚರ್ಚೆ: ಹೃದಯಾಘಾತ, ಹೃದಯ ಸ್ತಂಭನ, ಹೃದಯ ವೈಫಲ್ಯ – ಮೂರನೆಯದಕ್ಕೆ ಬೇರೆ ಪದ ಬೇಕು

ಗೆಳೆಯರೇ,

ಆಸ್ಪತ್ರೆಯೊಂದರ ಹೃದಯ ವಿಭಾಗದವರು ರೋಗಿಗಳ ಮನೆಯವರಿಗೆ ಕೊಡುವ ಕನ್ನಡ ಕರಪತ್ರವನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೂರು ಪದಗಳ ಹತ್ತಿರ ಗಾಡಿ ನಿಂತಿದೆ. ಹಾರ್ಟ್ ಅಟ್ಯಾಕ್, ಕಾರ್ಡಿಯಾಕ್ ಅರೆಸ್ಟ್, ಹಾರ್ಟ್ ಫೇಲ್ಯೂರ್. ಹೃದಯಾಘಾತ, ಹೃದಯ ಸ್ತಂಭನ, ಹೃದಯ ವೈಫಲ್ಯ ಎಂಬ ಪದಗಳು ಸಿದ್ಧವಾಗೇ ಇವೆ, ಪತ್ರಿಕೆಗಳೂ ಇವನ್ನೇ ಬರೆಯುತ್ತವೆ. ಆದರೆ ಓದುವವರಿಗೆ ಮೂರೂ ಒಂದೇ. ಹಾರ್ಟು ಕೈಕೊಟ್ಟಿತು, ಅಷ್ಟೇ. ವೈದ್ಯರ ಲೆಕ್ಕದಲ್ಲಿ ಇವು ಮೂರು ಬೇರೆ ಸಂಗತಿ. ಮನೆಯವರು ಮಾಡಬೇಕಾದ ಕೆಲಸವೂ ಬೇರೆ ಬೇರೆ. ಹಾಗಾಗಿ ಈ ಪ್ರಶ್ನೆ.

ಮೊದಲು ಹೃದಯಾಘಾತ. ಹೃದಯದ ಮಾಂಸಕ್ಕೆ ರಕ್ತ ಕೊಡುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆ ಭಾಗದ ಮಾಂಸ ಸಾಯತೊಡಗುತ್ತದೆ. ಬಹುತೇಕ ರೋಗಿಗಳಿಗೆ ಎಚ್ಚರ ಇರುತ್ತದೆ, ಮಾತಾಡುತ್ತಿರುತ್ತಾರೆ. ನಮ್ಮ ಪದದಲ್ಲಿ ಈ 'ಮುಚ್ಚುವುದು' ಎಲ್ಲೂ ಇಲ್ಲ, ನೋಡಿ. ಆಘಾತ ಅಂದರೆ ನಮಗೆ ಕೆಟ್ಟ ಸುದ್ದಿ ಕೇಳಿದಾಗ ಆಗುವುದು. ಅದಕ್ಕೇ 'ಮಗಳ ಮದುವೆ ಮುರಿದುಬಿತ್ತು, ಹೃದಯಾಘಾತ ಆಯ್ತು' ಎಂದರೆ ಜನಕ್ಕೆ ತಕ್ಷಣ ಅರ್ಥವಾಗುತ್ತದೆ. ಇಪ್ಪತ್ತು ವರ್ಷದ ಬೀಡಿ ಮತ್ತು ಬಿಪಿ ಲೆಕ್ಕಕ್ಕೆ ಬರುವುದಿಲ್ಲ. ತಮಿಳರ ಪದ 'ಮಾರಡೈಪ್ಪು'. ಮಾರ್ ಅಂದರೆ ಎದೆ, ಅಡೈಪ್ಪು ಅಂದರೆ ಅಡಚಿಕೊಳ್ಳುವುದು, ನಮ್ಮ ಅಡೆತಡೆಯ 'ಅಡೆ'ಯ ನೆಂಟ. ತೆಲುಗಿನವರದು 'ಗುಂಡೆಪೋಟು', ಎದೆಗೆ ಚುಚ್ಚಿದಂಥ ನೋವು. ನಮ್ಮ ಹತ್ತಿರವೂ 'ಗುಂಡಿಗೆ' ಇತ್ತು. ಅದನ್ನು ಧೈರ್ಯದ ಮಾತಿಗೆ ಮೀಸಲಿಟ್ಟು ಕಾಯಿಲೆಗೆ ಹೃದಯವನ್ನು ಕರೆತಂದೆವು. ಇರಲಿ. ಹೃದಯಾಘಾತ ಬೇರು ಬಿಟ್ಟಾಗಿದೆ, ಅದನ್ನು ಕೀಳಲು ಹೋಗುವುದು ಸುಮ್ನೆ ಶ್ರಮ. 'ಲಘು ಹೃದಯಾಘಾತ' ಎಂದು ಬರೆಯುವುದನ್ನು ಮಾತ್ರ ಬಿಟ್ಟರೆ ಒಳ್ಳೆಯದು. ಲಘು ಅಂದ ಕೂಡಲೇ ರೋಗಿ ಲುಂಗಿ ಕಟ್ಟಿಕೊಂಡು ತೋಟಕ್ಕೆ ಹೊರಡುತ್ತಾನೆ.

ಹೆಸರಿಗಿಂತ ಹೆಚ್ಚು ತಲೆ ತಿನ್ನುತ್ತಿರುವುದು ಲಕ್ಷಣದ ಮಾತು. ಕರಪತ್ರದ ಕರಡಿನಲ್ಲಿ 'ತೀವ್ರ ಎದೆನೋವು' ಎಂದಿದೆ. ಓಪಿಡಿಯಲ್ಲಿ ಕೂತ ನರ್ಸ್ ಒಬ್ಬರು ಹೇಳಿದ್ದು ಕೇಳಿ. 'ಎದೆನೋವು ಇದೆಯಾ ಅಜ್ಜ' ಎಂದರೆ 'ಇಲ್ಲಮ್ಮ' ಎನ್ನುತ್ತಾರೆ. 'ಮತ್ತೇನಾಗ್ತಿದೆ' ಎಂದರೆ ಅಂಗೈಯನ್ನು ಎದೆ ಮೇಲೆ ಅಗಲಿಸಿ 'ಹಿಡ್ಕೊಂಡಂಗೆ ಆಗ್ತದೆ' ಎನ್ನುತ್ತಾರೆ. ನೋವು ಅಂದರೆ ಅವರ ಪ್ರಕಾರ ಗಾಯದ ನೋವು, ಹಲ್ಲುನೋವು. ಇದು ಬಿಗಿತ, ಭಾರ, ಒತ್ತು. ಸೆಳೆತ ಎಡಗೈಗೆ ಹೋಗಬಹುದು, ದವಡೆಗೂ ಹೋಗಬಹುದು. ಜೊತೆಗೆ ತಣ್ಣನೆ ಬೆವರು. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಕಾಣಿಸಿಕೊಳ್ಳುವುದೂ ಉಂಟು. ಹೆಂಗಸರಲ್ಲಿ ವಾಕರಿಕೆ, ಬೆನ್ನುನೋವಿನ ರೂಪದಲ್ಲೂ ಬರಬಹುದು. ಇದನ್ನೆಲ್ಲ ನುಂಗಿಹಾಕುವ ಮತ್ತೊಂದು ಪದ ಇದೆ: ಗ್ಯಾಸ್ಟ್ರಿಕ್. ಇಂಗ್ಲಿಷಿನಲ್ಲಿ ಬರೀ ವಿಶೇಷಣ, ಕನ್ನಡಕ್ಕೆ ಬಂದು ಪೂರ್ತಿ ಕಾಯಿಲೆಯೇ ಆಗಿದೆ. 'ಗ್ಯಾಸ್ಟ್ರಿಕ್ ಇರ್ಬೇಕು' ಎಂದು ಜೀರಿಗೆ ಕಷಾಯ ಕುಡಿದು ಮಲಗುತ್ತಾರೆ. ಬೆಳಗಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಹೊತ್ತಿನ ಮಾತು ಬಂತಲ್ಲ. ಕರಡಿನಲ್ಲಿ ಗೋಲ್ಡನ್ ಅವರ್‌ಗೆ 'ಸುವರ್ಣ ಗಂಟೆ' ಎಂದಿದೆ. ದೇವಸ್ಥಾನಕ್ಕೆ ಯಾರೋ ಹರಕೆ ಒಪ್ಪಿಸಿದ್ದಾರೆ ಅನ್ನಿಸಿತು. 'ಮೊದಲ ಒಂದು ತಾಸು' ಎಂದು ಬದಲಿಸಿದ್ದೇನೆ. ಆ ತಾಸಿಗೆ ಬೆಲೆ ಬಂದಿರುವುದು ಚಿಕಿತ್ಸೆ ಬದಲಾದದ್ದರಿಂದ. 1977ರ ಸೆಪ್ಟೆಂಬರ್‌ನಲ್ಲಿ ಜೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಎಂಬ ವೈದ್ಯ ಹೃದಯದ ನಾಳದೊಳಗೆ ಪುಟ್ಟ ಬಲೂನು ಉಬ್ಬಿಸಿ ದಾರಿ ಬಿಡಿಸಿದ. 1986ರಲ್ಲಿ ಫ್ರಾನ್ಸಿನಲ್ಲಿ ಅದೇ ಜಾಗಕ್ಕೆ ಸ್ಟೆಂಟ್ ಬಂತು, ನಾಳ ಮತ್ತೆ ಮುಚ್ಚದಂತೆ ಒಳಗೇ ಬಿಡುವ ಪುಟ್ಟ ಜಾಲರಿ ಕೊಳವೆ. (ನಮ್ಮೂರ ಕಡೆ ಅದು 'ಸ್ಟಂಟ್'. 'ಎರಡು ಸ್ಟಂಟ್ ಹಾಕಿದ್ರು' ಅಂದರೆ ಸಿನಿಮಾ ಫೈಟ್ ನೆನಪಾಗುತ್ತದೆ. ಆದರೆ ಎಲ್ಲರಿಗೂ ಅರ್ಥವಾಗುತ್ತದೆ, ಇದಕ್ಕೆ ಕನ್ನಡ ಪದ ಕಟ್ಟುವ ಗೋಜಿಗೆ ಹೋಗಬೇಡಿ.) ಸ್ಟೆಂಟ್ ಹಾಕುವ ಆಸ್ಪತ್ರೆ ದೂರ ಇದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂಥ ಕಡೆಯ ತಜ್ಞರ ಸಲಹೆ ಪಡೆದು, ಟೆನೆಕ್ಟೆಪ್ಲೇಸ್ ಎಂಬ ಆ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಹಾಗಾಗಿ ಕರಪತ್ರದ ಸಾಲು ಇಷ್ಟೇ: ಎದೆ ಹಿಡಿದಂತಾಗಿ ಬೆವರು ಬಂದರೆ 108ಕ್ಕೆ ಫೋನ್ ಮಾಡಿ, ಹತ್ತಿರದ ಇಸಿಜಿ ಇರುವ ಕಡೆಗೆ ಹೋಗಿ, ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ.

ಹೃದಯ ಸ್ತಂಭನ ಬೇರೆಯೇ ಸಂಗತಿ. ಇಲ್ಲಿ ಕೆಡುವುದು ಹೃದಯದ ಕರೆಂಟು. ಬಡಿತದ ಲಯ ತಪ್ಪಿ ಹೃದಯ ಸುಮ್ಮನೆ ಅದುರುತ್ತದೆ, ಇಲ್ಲವೇ ಪೂರ್ತಿ ನಿಲ್ಲುತ್ತದೆ. ರಕ್ತ ಮುಂದಕ್ಕೆ ಹೋಗುವುದಿಲ್ಲ, ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಹೃದಯಾಘಾತದಿಂದ ಸ್ತಂಭನ ಆಗಬಹುದು, ಅದಿಲ್ಲದೆಯೂ ಆಗಬಹುದು. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಫುಟ್‌ಬಾಲ್ ಆಡುತ್ತಿದ್ದ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಹಾಗೆ ಬಿದ್ದದ್ದನ್ನು ಟಿವಿಯಲ್ಲಿ ನೋಡಿದವರು ಇಲ್ಲಿರಬಹುದು. ಮೈದಾನದಲ್ಲೇ ಎದೆ ಒತ್ತಿದರು, ಯಂತ್ರದಿಂದ ಒಂದು ಶಾಕ್ ಕೊಟ್ಟರು. ಮರುವರ್ಷ ಆತ ಮತ್ತೆ ಆಟಕ್ಕೆ ಇಳಿದ. ಅದೇ 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ನಮ್ಮಲ್ಲಿ ಆಘಾತ, ಸ್ತಂಭನ ಎರಡೂ ಪದ ಒಟ್ಟೊಟ್ಟಿಗೆ ಓಡಾಡಿದವು. ಎರಡಕ್ಕೂ ವ್ಯತ್ಯಾಸ ಏನು ಎಂದು ಕೇಳಿದವರು ಕಡಿಮೆ.

ಸ್ತಂಭನ ಪದ ಅರ್ಥಕ್ಕೆ ಸರಿಯಾಗಿಯೇ ಇದೆ. ಆದರೆ ಬಾಯಿಗೆ ಬರುವುದಿಲ್ಲ. ಗಾಬರಿಯಲ್ಲಿ ಯಾರೂ 'ಅಪ್ಪನಿಗೆ ಸ್ತಂಭನವಾಗಿದೆ' ಎನ್ನುವುದಿಲ್ಲ. ಕರಪತ್ರದಲ್ಲಿ ಹೆಸರನ್ನು ಒಮ್ಮೆ ಕೊಟ್ಟು, ಮುಂದೆ 'ಹೃದಯ ಬಡಿತ ನಿಂತಾಗ' ಎಂದು ಕ್ರಿಯಾಪದದಲ್ಲೇ ಬರೆಯೋಣ ಅಂದುಕೊಂಡಿದ್ದೇನೆ. ಇನ್ನೊಂದು ತೊಡಕು ಇತ್ತು. ಬಿದ್ದವರು ಕೆಲವೊಮ್ಮೆ ತಡೆತಡೆದು ಗೊರಕೆಯಂತೆ ಉಸಿರೆಳೆಯುತ್ತಾರೆ. 'ಉಸಿರು ಇದೆಯಲ್ಲ' ಎಂದು ಜನ ಸುತ್ತ ನಿಂತು ನೋಡುತ್ತಾರೆ. ಕರಡಿನಲ್ಲಿ ಇದಕ್ಕೆ 'ಅಸಹಜ ಶ್ವಾಸೋಚ್ಛ್ವಾಸ' ಎಂದಿತ್ತು. ನಮ್ಮ ಮನೆಗಳಲ್ಲಿ ಇದಕ್ಕೆ ಹಳೆಯ ಪದವೇ ಇದೆ, ಮೇಲುಸಿರು. 'ಮೇಲುಸಿರು ಉಸಿರಲ್ಲ, ಎದೆ ಒತ್ತಲು ಶುರು ಮಾಡಿ' ಎಂದು ಬರೆದೆ. ಎದೆಯ ನಡುವೆ ಅಂಗೈ ಊರಿ, ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗಾದರೆ 5 ಸೆಂಟಿಮೀಟರ್‌ನಷ್ಟು ಆಳಕ್ಕೆ. ಒಬ್ಬರು 108ಕ್ಕೆ ಫೋನ್ ಮಾಡುತ್ತಿರಲಿ, ಇನ್ನೊಬ್ಬರು ಒತ್ತುತ್ತಿರಲಿ. ಬಾಯಿಗೆ ನೀರು ಬಿಡಬೇಡಿ. ಈ ಕೊನೆಯ ಮಾತನ್ನು ನಾನೇ ಸೇರಿಸಿದ್ದು, ನಮ್ಮ ಕಡೆ ಮೊದಲು ಓಡಿಬರುವುದು ನೀರಿನ ಚೊಂಬು. ಹೀಗೆ ಎದೆ ಒತ್ತಿ ಬದುಕಿಸಲು ನೋಡುವ ಸಿಪಿಆರ್‌ಗೆ 'ಹೃದಯ-ಶ್ವಾಸಕೋಶ ಪುನಶ್ಚೇತನ' ಎಂಬ ಉದ್ದದ ಪದ ಕೆಲವು ಕಡೆ ಕಾಣುತ್ತದೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಹತ್ತು ಸಲ ಒತ್ತಬಹುದು. ಸಿಪಿಆರ್ ಎಂದೇ ಇಟ್ಟಿದ್ದೇನೆ.

ಈಗ ನಿಜವಾದ ಗಂಟು, ಹೃದಯ ವೈಫಲ್ಯ. ಆಡುಮಾತಿನಲ್ಲಿ 'ಹಾರ್ಟ್ ಫೇಲ್ ಆಯ್ತು' ಅಂದರೆ ಸತ್ತರು ಎಂದೇ ಅರ್ಥ. ಬೇರೆ ಅರ್ಥವೇ ಇಲ್ಲ. ಬರಹದಲ್ಲಿ ವೈಫಲ್ಯವೂ ಅಷ್ಟೇ, 'ಬಹು ಅಂಗಾಂಗ ವೈಫಲ್ಯದಿಂದ ನಿಧನ' ಎಂಬ ಸುದ್ದಿಯ ಸಾಲಿನಲ್ಲಿ ಅದನ್ನು ನೋಡಿ ನೋಡಿ ಅದು ಸಾವಿನ ಪದವೇ ಆಗಿದೆ. ವೈದ್ಯರ ಹಾರ್ಟ್ ಫೇಲ್ಯೂರ್ ಹಾಗಲ್ಲ. ಹೃದಯ ಬಡಿಯುತ್ತಲೇ ಇರುತ್ತದೆ, ಮೈಗೆ ಬೇಕಾದಷ್ಟು ರಕ್ತ ತಳ್ಳಲು ಅದಕ್ಕೆ ತ್ರಾಣ ಸಾಲದು. ಕಾಲು ಊದುತ್ತದೆ, ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಇರುತ್ತದೆ. ಚಪ್ಪಟೆ ಮಲಗಿದರೆ ದಮ್ಮು ಕಟ್ಟುತ್ತದೆ. ಅದಕ್ಕೇ ವೈದ್ಯರು 'ಎಷ್ಟು ದಿಂಬು ಹಾಕ್ಕೋತೀರಿ' ಎಂದು ಕೇಳುತ್ತಾರೆ. ಸುಮ್ನೆ ಕೇಳುವ ಪ್ರಶ್ನೆ ಅಂದುಕೊಂಡು ಎಷ್ಟೋ ಜನ ನಗುತ್ತಾರೆ. ಒಂದು ದಿಂಬಿನವರು ಮೂರಕ್ಕೆ ಬಂದಿದ್ದರೆ ಅದೇ ದೊಡ್ಡ ಸುಳಿವು.

ಇಂಥವರು ಔಷಧ, ಪಥ್ಯ ಪಾಲಿಸಿಕೊಂಡು ವರ್ಷಗಟ್ಟಲೆ ಓಡಾಡಿಕೊಂಡಿರಬಹುದು. ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ 'ಹೃದಯ ವೈಫಲ್ಯ' ಎಂದು ಓದಿದ ಮಗ ದೂರದ ಅಕ್ಕತಂಗಿಯರಿಗೆಲ್ಲ 'ಬಂದು ನೋಡಿಕೊಂಡು ಹೋಗಿ' ಎಂದು ಫೋನ್ ಮಾಡುತ್ತಾನೆ. ಅದೇ ಚೀಟಿಯಲ್ಲಿ 'ಇಎಫ್ 35%' ಎಂದಿರುತ್ತದೆ, ಒಂದು ಬಡಿತಕ್ಕೆ ಹೃದಯದ ಎಡಕೋಣೆಯಲ್ಲಿರುವ ರಕ್ತದಲ್ಲಿ ಎಷ್ಟು ಭಾಗ ಹೊರಗೆ ಹೋಗುತ್ತದೆ ಎಂಬ ಲೆಕ್ಕ. ನಮ್ಮ ಎಸ್ಸೆಸ್ಸೆಲ್ಸಿ ಮನಸ್ಸಿಗೆ 35 ಅಂದರೆ ಪಾಸು! ಇಲ್ಲಿ ನೂರು ಯಾರಿಗೂ ಬರುವುದಿಲ್ಲ. 55ರಿಂದ 70 ಇದ್ದರೆ ಸಾಮಾನ್ಯ, 40 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೃದಯ ಸೊರಗಿದೆ ಎಂದರ್ಥ. ಒಂದೇ ಹಾಳೆಯಲ್ಲಿ ಒಂದು ಪದ ಇಲ್ಲದ ಭಯ ಹುಟ್ಟಿಸುತ್ತದೆ, ಒಂದು ಅಂಕಿ ಇಲ್ಲದ ಧೈರ್ಯ ಕೊಡುತ್ತದೆ.

ಔಷಧದಲ್ಲೂ ಇದೇ ಪಾಡು. ಡಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಇದೆ. ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಅದು ಈ ಹೃದಯದ ತೊಂದರೆಗೆ ಒಳ್ಳೆಯದು ಮಾಡುತ್ತದೆ ಎಂದು 2019ರಲ್ಲಿ ದೊಡ್ಡ ಪ್ರಯೋಗವೊಂದು ತೋರಿಸಿತು. ಈಗ ಹೃದ್ರೋಗ ತಜ್ಞರು ಧಾರಾಳವಾಗಿ ಬರೆಯುತ್ತಾರೆ. ರೋಗಿ ಅಂಗಡಿಯಲ್ಲಿ 'ಇದು ಶುಗರ್ ಮಾತ್ರೆ' ಎಂದು ಕೇಳಿಸಿಕೊಂಡು, 'ನಂಗೆ ಶುಗರ್ ಇಲ್ವಲ್ಲ' ಎಂದು ಅದನ್ನು ಬಿಟ್ಟು ಉಳಿದವನ್ನು ನುಂಗುತ್ತಾನೆ. ಕರಪತ್ರದಲ್ಲಿ ಇದಕ್ಕೆ ಒಂದು ಸಾಲು ಮೀಸಲು. ಮತ್ತೊಂದು ಸಾಲು ತೂಕಕ್ಕೆ: ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕೆಜಿಗಿಂತ ಜಾಸ್ತಿ ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು, ವೈದ್ಯರಿಗೆ ತಿಳಿಸಿ. ಉಪ್ಪು ಕಡಿಮೆ ಮಾಡಿ ಎಂದರೆ ಜನ ಸಾರಿನ ಉಪ್ಪು ಮಾತ್ರ ಇಳಿಸುತ್ತಾರೆ. ಆದ್ದರಿಂದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು ಎಂದು ಹೆಸರು ಹಿಡಿದೇ ಬರೆಯಬೇಕು.

ಇದಕ್ಕೆ ಏನೆಂದು ಕರೆಯುವುದು? ಓಪಿಡಿಯಲ್ಲಿ ವೈದ್ಯರು 'ಪಂಪಿಂಗ್ ಕಮ್ಮಿ ಇದೆ' ಎನ್ನುತ್ತಾರೆ. ಎಲ್ಲರಿಗೂ ತಿಳಿಯುತ್ತದೆ, ಯಾರೂ ಹೆದರುವುದಿಲ್ಲ. ಆದರೆ ಶೀರ್ಷಿಕೆಗೆ ಕೂರುವುದಿಲ್ಲ. 'ಸೋಲು' ನನಗೆ ಇಷ್ಟವಾಗಿತ್ತು. ಕಾಲು ಸೋತಿದೆ, ಕೈ ಸೋತಿದೆ ಅನ್ನುತ್ತೇವಲ್ಲ, ಅಲ್ಲಿ ದಣಿವು ಇದೆ, ಸಾವು ಇಲ್ಲ. ಆದರೆ 'ಹೃದಯ ಸೋತಿದೆ' ಎಂದು ಬರೆದು ಓದಿದರೆ ರೋಗಿ ಯಾರನ್ನೋ ಪ್ರೀತಿಸುತ್ತಿದ್ದಾನೆ! 'ಹೃದಯ ದೌರ್ಬಲ್ಯ' ಎಂದರೆ ಪುಕ್ಕಲು ಎಂಬ ಅರ್ಥ ಇಣುಕುತ್ತದೆ. ಸದ್ಯಕ್ಕೆ 'ಹೃದಯದ ನಿತ್ರಾಣ' ಎಂದು ಇಟ್ಟಿದ್ದೇನೆ. 'ಜ್ವರ ಬಂದು ನಿತ್ರಾಣ ಆಗಿದೆ' ಎಂದು ಮನೆಮನೆಯಲ್ಲಿ ಆಡುವ ಮಾತು. ಇದ್ದ ಶಕ್ತಿ ಕುಗ್ಗಿದೆ, ಆರೈಕೆ ಬೇಕು ಎಂಬ ಧ್ವನಿ ಅದರಲ್ಲಿ ಇದೆ. ವಿಭಾಗದ ವೈದ್ಯರೊಬ್ಬರಿಗೆ ಒಪ್ಪಿಗೆಯಾಗಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಒಂದು, ಕರಪತ್ರದಲ್ಲಿ ಇನ್ನೊಂದು ಇದ್ದರೆ ಗೊಂದಲ ಎಂಬುದು ಅವರ ಮಾತು. ಅದರಲ್ಲೂ ಹುರುಳಿದೆ. ಎರಡನ್ನೂ ಅಕ್ಕಪಕ್ಕ ಇಡುವುದೇ ದಾರಿಯೇನೋ.

ಬಲ್ಲವರು ಹೇಳಿ. ನಿತ್ರಾಣ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಬೀದರ್, ಕಲಬುರಗಿ ಕಡೆ ಈ ಪದ ಬಳಕೆಯಲ್ಲಿದೆಯೇ, ಅಥವಾ ಅಲ್ಲಿ ಬೇರೆ ಮಾತಿದೆಯೇ? ಮೇಲುಸಿರಿಗೆ ಕುಂದಾಪುರ, ಮಂಗಳೂರು ಕಡೆಯವರು ಏನನ್ನುತ್ತೀರಿ? ಎದೆ 'ಹಿಡ್ಕೊಂಡಂಗೆ' ಆಗುವುದಕ್ಕೆ ನಿಮ್ಮ ಮನೆಯ ಹಿರಿಯರು ಆಡುವ ಮಾತು ಯಾವುದು? ಅದನ್ನು ಅವರು ಅಂದ ಹಾಗೇ ಬರೆದು ಕಳಿಸಿ, ತಿದ್ದಬೇಡಿ. ಕರಪತ್ರ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ.