ವಾಟರ್ ಪಂಪ್ ಬೋಲ್ಟ್ ಬ್ಲಾಕಿನೊಳಗೇ ಮುರಿದಿದೆ, ಎಕ್ಸ್‌ಟ್ರಾಕ್ಟರ್ ಹಾಕಬಹುದಾ?

ವಾಸ್ಕೋ ಡೀಸೆಲ್
ಹಳೇ ಡೀಸೆಲ್ ಜೀಪು. ಬೀಡಿನ ಬ್ಲಾಕ್, ಅಲ್ಯೂಮಿನಿಯಂ ವಾಟರ್ ಪಂಪ್. ಪಂಪ್ ಬಿಚ್ಚುವಾಗ ಕೆಳಗಿನ ಒಂದು ಬೋಲ್ಟ್ ಕಟ್ ಆಯ್ತು. ಎಂ8 (8 ಮಿ.ಮೀ. ದಪ್ಪ), ಪಿಚ್ (ಥ್ರೆಡ್ಡುಗಳ ನಡುವಿನ ಅಂತರ) 1.25 ಮಿ.ಮೀ. ಪಂಪ್ ಹೊರಗೆ ಬಂದಿದೆ. ತುಂಡು ಬ್ಲಾಕಿನ ಮುಖಕ್ಕಿಂತ 2 ಮಿ.ಮೀ. ಒಳಗಿದೆ, ಮುರಿದ ಜಾಗ ಓರೆಕೋರೆ. ರೇಡಿಯೇಟರ್ ತೆಗೆದಿರೋದ್ರಿಂದ ಡ್ರಿಲ್ ನೇರ ಹಿಡಿಯೋಕೆ ಜಾಗ ಇದೆ. 4 ಮಿ.ಮೀ. ತೂತು ಹೊಡೆದು ಎಕ್ಸ್‌ಟ್ರಾಕ್ಟರ್ (ತೂತಿನೊಳಗೆ ಕಚ್ಚಿಕೊಂಡು ಮುರಿದ ತುಂಡನ್ನು ತಿರುಗಿಸಿ ತೆಗೆಯೋ ಗಟ್ಟಿ ಉಕ್ಕಿನ ಕಡ್ಡಿ) ಹಾಕೋಣ ಅಂತ ಗ್ಯಾರೇಜಿನವರು ಹೇಳ್ತಿದ್ದಾರೆ. ಒಪ್ಪಬಹುದಾ? ಇಂಜಿನ್ ಇಳಿಸದೆ ಆಗಬೇಕು.

ಭೋಸರಿ ಫಿಟ್ಟರ್
ಎಕ್ಸ್‌ಟ್ರಾಕ್ಟರ್ ಬ್ಯಾಡ್ರಿ ಅಣ್ಣಾರ. ತಿರುಚು ತಡಿಯೋ ಶಕ್ತಿ ದಪ್ಪದ ಘನದ ಲೆಕ್ಕದಾಗ ಇಳೀತೈತಿ. ದಪ್ಪ ಅರ್ಧ ಆದ್ರ ಶಕ್ತಿ ಎಂಟರಾಗ ಒಂದು ಪಾಲು. 8 ಮಿ.ಮೀ. ಬೋಲ್ಟ್ ತಾಳಲಾರದ ಕಡೆ 4 ಮಿ.ಮೀ. ತೂತಿನಾಗ ಕೂಡೋ ಕಡ್ಡಿ ಎಷ್ಟು ತಾಳೀತು? ಮ್ಯಾಲ ಅದು ಬೆಣೆ ಹಂಗ ತುಂಡನ್ನ ಅಗಲಿಸಿ ಥ್ರೆಡ್ಡಿಗೆ ಇನ್ನಷ್ಟು ಒತ್ತತೈತಿ. ಒಳಗ ಮುರೀತಂದ್ರ ಸಾದಾ ಬಿಟ್ ಅದನ್ನ ಕೊರಿಯೂದಿಲ್ಲ.

ಮೊದಲ ಬಿಚ್ಚಿದ ಪಂಪಿನ ಆ ತೂತ ನೋಡ್ರಿ. ಒಳಗ ಬಿಳಿ ಪುಡಿ ಗಟ್ಟಿಯಾಗಿ ಕೂತಿದ್ರ ಬೋಲ್ಟ್ ಹಿಡಿದದ್ದು ಅಲ್ಯೂಮಿನಿಯಂನಾಗ, ಬ್ಲಾಕಿನ ಥ್ರೆಡ್ಡಿನಾಗ ಅಲ್ಲ. ಸಮುದ್ರದ ದಂಡಿ ಊರಾಗ ಇದು ಭಾಳ. ಹಂಗಿದ್ರ ತುಂಡು ಸಲೀಸಾಗಿ ಬಂದೀತು. ಚೂಪ ಪಂಚನ್ನ ತುಂಡಿನ ಅಂಚಿಗೆ ಓರೆ ಇಟ್ಟು, ಬಿಚ್ಚೋ ದಿಕ್ಕಿಗೆ ಸಣ್ಣ ಸುತ್ತಿಗಿಲೆ ತಟ್ಟರಿ. ಕೂದಲೆಳಿಯಷ್ಟು ಅಲುಗಿದ್ರೂ ಅದರ ಬೆನ್ನ ಹತ್ತರಿ.

ಅಲುಗಲಿಲ್ಲಂದ್ರ ವೆಲ್ಡಿಂಗ್. ಬ್ಯಾಟರಿ ನೆಗೆಟಿವ್ ಬಿಚ್ಚಿ, ಅರ್ಥ್ ಕ್ಲಾಂಪ್ ಬ್ಲಾಕಿಗೇ, ಬೋಲ್ಟಿನ ಹತ್ರ ಹಾಕ್ರಿ. ಮಿಗ್ (ತಂತಿ ತಾನಾಗೇ ಬರೋ ವೆಲ್ಡಿಂಗ್ ಮಷಿನ್) ನಿಂದ ತುಂಡಿನ ನಟ್ಟನಡುವ ಹನಿ ಹನಿ ಕೂಡ್ರಿಸಿ, ಮುಖಕ್ಕಿಂತ 1 ಮಿ.ಮೀ. ಮ್ಯಾಲ ಬಂದ ಮ್ಯಾಲ ಎಂ10 ನಟ್ ಇಟ್ಟು ಒಳಗಿಂದ ತುಂಬರಿ. ಜಿಂಕ್ ಲೇಪದ ನಟ್ ಬ್ಯಾಡ, ಅದರ ಹೊಗೆ ಕೆಟ್ಟದ್ದು. ಕೆಂಪಿದ್ದಾಗ ತಿರುವಬ್ಯಾಡ್ರಿ, ಬೆಸುಗಿ ಮೆತ್ತಗಿರತೈತಿ. ಕೆಂಪು ಹೋಗಿ ಇನ್ನೂ ಬಿಸಿ ಇದ್ದಾಗ ನಟ್ಟಿನ ಬುಡಕ್ಕ ಮೇಣದಬತ್ತಿ ತಾಗಸ್ರಿ. ಮೇಣ ಕರಗಿ ಸರ್ರನ ಥ್ರೆಡ್ಡಿನೊಳಗ ಇಳೀತೈತಿ. ಆಮ್ಯಾಲ ಒಂದಿಷ್ಟು ಟೈಟ್, ಒಂದಿಷ್ಟು ಲೂಸ್, ಹಿಂದ ಮುಂದ. ಒಂದೇ ದಿಕ್ಕಿಗೆ ಎಳದ್ರ ನಟ್ ಕಿತ್ತು ಬರತೈತಿ. ಬಂದ್ರ ಇನ್ನೊಂದ ನಟ್ ಹಾಕ್ರಿ. ಪ್ರತಿ ಸಲ ಕಾದು ಆರಿದಾಗ ತುಕ್ಕು ಒಡಕೊಂಡು ಬಿಡಿಯಾಗತೈತಿ.

ಠಾಣೆ ಟೂಲ್‌ರೂಮ್
ಮೇಲಿನವರ ಮಾತು ಸರಿ. ಒಂದು ಸೇರಿಸುತ್ತೇನೆ: ವೆಲ್ಡಿಂಗಿಗೆ ಮುಂಚೆ ಆ ಜಾಗವನ್ನು ಬ್ರೇಕ್ ಕ್ಲೀನರ್‌ನಿಂದ ತೊಳೆಯಬೇಡಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಆರ್ಕಿನ ಶಾಖಕ್ಕೆ ಫಾಸ್ಜೀನ್ ವಿಷಾನಿಲವಾಗುತ್ತದೆ. ಒಣಬಟ್ಟೆ, ವೈರ್ ಬ್ರಷ್ ಸಾಕು.

ವೆಲ್ಡರ್ ಸಿಗದಿದ್ದರೆ ಕೊರೆಯಿರಿ, ಆದರೆ ಕೈಯಂದಾಜಿನಲ್ಲಿ ಬೇಡ. ಓರೆ ಮುಖದ ಮೇಲೆ ಬಿಟ್ ಜಾರಿ ಮೆತ್ತಗಿನ ಬೀಡಿನ ಕಡೆಗೇ ಓಡುತ್ತದೆ. ಹಳೇ ಪಂಪನ್ನೇ ಜಿಗ್ (ಬಿಟ್ಟಿಗೆ ದಾರಿ ತೋರುವ ಅಚ್ಚು) ಮಾಡಿಕೊಳ್ಳಿ. ಬೋಲ್ಟ್ ತೂತನ್ನು ಕೆರೆದು ಚೊಕ್ಕ ಮಾಡಿ, ಅದಕ್ಕೆ ಬಿಗಿಯಾಗಿ ಕೂರುವ, ನಡುವೆ 3 ಮಿ.ಮೀ. ತೂತಿರುವ ಉಕ್ಕಿನ ಬುಶ್ ಲೇತಿನಲ್ಲಿ ತಿರುಗಿಸಿ ಹಾಕಿ. ಪಂಪನ್ನು ಉಳಿದ ಬೋಲ್ಟುಗಳಿಂದ ಬ್ಲಾಕಿಗೆ ಬಿಗಿದು ಬುಶ್ ಮೂಲಕ ಕೊರೆದರೆ ಬಿಟ್ ಕೇಂದ್ರ ಬಿಡುವುದಿಲ್ಲ. ನಂತರ ಪಂಪ್ ತೆಗೆದು 5, ಕೊನೆಗೆ 6.5. ಕೋಬಾಲ್ಟ್ ಬಿಟ್, ಕಟಿಂಗ್ ಆಯಿಲ್. ವೇಗ 3 ಮಿ.ಮೀ.ಗೆ ಸುಮಾರು 1500 ಆರ್‌ಪಿಎಂ, 6.5ಕ್ಕೆ 700. ಲೆಫ್ಟ್‌ಹ್ಯಾಂಡ್ ಬಿಟ್ (ಎಡಕ್ಕೆ ತಿರುಗಿ ಕೊರೆಯುವ ಬಿಟ್) ಸಿಕ್ಕರೆ ಡ್ರಿಲ್ ರಿವರ್ಸ್‌ನಲ್ಲಿ ಓಡಿಸಿ. ಎಷ್ಟೋ ಸಲ 5ಕ್ಕೆ ಬರುವಷ್ಟರಲ್ಲಿ ತುಂಡೇ ತಿರುಗಿ ಹೊರಬರುತ್ತದೆ. ಈ ಬಿಟ್ಟನ್ನು ಮುಂಬೈಯ ನಾಗದೇವಿ ಸ್ಟ್ರೀಟಿನ ಟೂಲ್ ಅಂಗಡಿಗಳಲ್ಲಿ ವಿಚಾರಿಸಿ ತರಿಸಿಕೊಳ್ಳಿ.

6.5ಕ್ಕೆ ನಿಲ್ಲಿಸಿ. ಉಳಿಯುವುದು ಸ್ಪ್ರಿಂಗ್‌ನಂಥ ತೆಳು ಸುರುಳಿ, ಅದನ್ನು ಚೂಪು ಕೊಕ್ಕೆಯಿಂದ ಎಳೆದು ತೆಗೆಯಬಹುದು. ಕೊರೆತ ಅರ್ಧ ಮಿ.ಮೀ. ಪಕ್ಕಕ್ಕೆ ಹೋಗಿ ಥ್ರೆಡ್ ತಿಂದರೆ ಹೆಲಿಕಾಯಿಲ್ (ಕೆಟ್ಟ ಥ್ರೆಡ್ಡಿನ ಜಾಗದಲ್ಲಿ ಕೂರಿಸುವ ತಂತಿ ಸುರುಳಿ): 8.3 ಬಿಟ್, ಅದರದೇ ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ), 12 ಮಿ.ಮೀ. ಉದ್ದದ ಇನ್‌ಸರ್ಟ್.

ವಾಸ್ಕೋ ಡೀಸೆಲ್
ಪಂಪಿನ ತೂತಲ್ಲಿ ಬಿಳಿ ಪುಡಿ ತುಂಬಿದೆ, ಪಂಚಿನಿಂದಲೇ ಶುರು ಮಾಡ್ತೀವಿ. ಈ ತೂತು ಒಳಗೆ ನೀರಿನ ಜಾಕೆಟ್‌ಗೆ (ಬ್ಲಾಕಿನೊಳಗೆ ಕೂಲಂಟ್ ಓಡೋ ಜಾಗ) ತೆರೆದಿದೆಯಾ ಅಂತ ಗೊತ್ತಾಗೋದು ಹೇಗೆ?

ಭೋಸರಿ ಫಿಟ್ಟರ್
ತುಂಡು ಬಂದ ಮ್ಯಾಲ ತಂತಿ ಹಾಕಿ ನೋಡ್ರಿ, ತಳ ತಾಗದಿದ್ರ ತೆರೆದದ್ದು. ತುಂಡಿನ ತುದಿಯಾಗ ಕೂಲಂಟಿನ ಬಣ್ಣ, ಹಳೇ ಸೀಲಂಟ್ ಕಂಡ್ರೂ ಅದೇ ಅರ್ಥ. ಹಂಗಿದ್ರ ಹೊಸ ಬೋಲ್ಟಿನ ಥ್ರೆಡ್ಡಿಗೆ ಸೀಲಂಟ್ ಬೇಕೇ ಬೇಕು, ಇಲ್ಲಾಂದ್ರ ಥ್ರೆಡ್ ಹಿಡಿದು ನೀರು ಜಿನುಗತೈತಿ. ಮುಚ್ಚಿದ ತೂತಾದ್ರ ಗಾಳಿ ಹೊಡೆದು ಪೂರಾ ಒಣಗಸ್ರಿ. ತಳದಾಗ ಎಣ್ಣಿ ನಿಂತಿದ್ರ ಬೋಲ್ಟ್ ಪಿಸ್ಟನ್ ಹಂಗ ಒತ್ತಿ ಬೀಡು ಸೀಳತೈತಿ.

ಥ್ರೆಡ್ ಚೊಕ್ಕ ಮಾಡಾಕ ಹೊಸ ಟ್ಯಾಪ್ ಬ್ಯಾಡ, ಅದು ಒಳ್ಳೆ ಲೋಹನೂ ಕತ್ತರಿಸತೈತಿ. ಒಂದು ಎಂ8 ಬೋಲ್ಟಿಗೆ ಉದ್ದಕ್ಕ ಹ್ಯಾಕ್ಸಾಲೆ ಗೀರು ಹಾಕಿ ಅದನ್ನ ಓಡಸ್ರಿ, ಕಸ ಗೀರಿನಾಗ ಕೂಡತೈತಿ. ಹೊಸ 8.8 (ಬಲದ ಗ್ರೇಡ್) ಬೋಲ್ಟಿಗೆ ಮ್ಯಾನ್ಯುಯಲ್ಲಿನ ಟಾರ್ಕ್ (ಬಿಗಿ ಮಾಡೋ ಬಲದ ಅಳತಿ) ಹಿಡೀರಿ. ಪಂಪಿನೊಳಗ ಹಾದು ಹೋಗೋ ಥ್ರೆಡ್ ಇಲ್ಲದ ಭಾಗಕ್ಕ ಆಂಟಿಸೀಜ್ (ಬೋಲ್ಟ್ ಕಚ್ಚಿ ಹಿಡಿಯದಂಗ ಹಚ್ಚೋ ಪೇಸ್ಟ್) ತೆಳುವಾಗಿ ಸವರ್ರಿ, ಥ್ರೆಡ್ಡಿಗಲ್ಲ. ಥ್ರೆಡ್ಡಿಗೆ ಹಚ್ಚಿದ್ರ ಅದೇ ಟಾರ್ಕಿಗೆ ಬೋಲ್ಟ್ ಹೆಚ್ಚು ಜಗ್ಗತೈತಿ. ಉಳಿದ ಬೋಲ್ಟುಗಳಿಗೂ ಇದನ್ನ ಮಾಡ್ರಿ.